ನಮ್ಮ ಕೆಂಪು ಬಯಲನ್ನು ತೈಲವರ್ಣದಲ್ಲಿ ಇದ್ದ ಹಾಗೆ ಬರೆಯುವುದು ಹೇಗೆ?

ಹೊಳಲ್ಕೆರೆ ಹಾದಿ
ಫೆಬ್ರವರಿ, ಮೊದಲ ವಾರ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ನೌಕರಿಯಲ್ಲಿದ್ದೇನೆ. ಊರು ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಹೋಗುವ ದಾರಿಯಲ್ಲಿದೆ. ಒಂದೂವರೆ ವರ್ಷದಿಂದ ಭಾನುವಾರಗಳಲ್ಲಿ ತೈಲವರ್ಣದ ನಿಸರ್ಗಚಿತ್ರ ಕಲಿಯುತ್ತಿದ್ದೇನೆ. ಗುರುಗಳೆಂದು ಯಾರೂ ಇಲ್ಲ, ಮೊಬೈಲಿನಲ್ಲಿ ಸಿಗುವ ಪಾಠಗಳನ್ನು ನೋಡಿ ಒಂಬತ್ತು ಕ್ಯಾನ್ವಾಸುಗಳನ್ನು ಮುಗಿಸಿದ್ದೇನೆ.

ನಾನು ಬರೆಯಬೇಕೆಂದಿರುವುದು ಒಂದೇ ದೃಶ್ಯವನ್ನು. ನಮ್ಮ ಹೊಲದ ಬದುವಿನ ಮೇಲೆ ನಿಂತರೆ ಮುಂಭಾಗದಲ್ಲಿ ಮೆಕ್ಕೆಜೋಳ ಮುರಿದ ಮೇಲೆ ಉಳಿದ ಬಿಳಿಚಿದ ದಂಟು, ಅದರಾಚೆ ಉತ್ತು ಬಿಟ್ಟ ಕೆಂಪು ನೆಲ, ಎಡಕ್ಕೆ ಒಂದು ಹುಣಸೆಮರ, ಅದರ ಬದಿಗೆ ರಾಗಿಹುಲ್ಲಿನ ಬಣವೆ, ಕೊನೆಯಲ್ಲಿ ಗುಡ್ಡದ ಸಾಲು ಮತ್ತು ಅದರ ನೆತ್ತಿಯ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳು ಕಾಣುತ್ತವೆ. ಬಾಲ್ಯದಿಂದ ನೋಡುತ್ತ ಬಂದ ನೋಟವಾದ್ದರಿಂದ ಇದು ಸುಲಭವೆಂದುಕೊಂಡಿದ್ದೆ. ಆದರೆ ಬರೆದು ಮುಗಿಸಿ ನೋಡಿದಾಗಲೆಲ್ಲ ಅಲ್ಲಿ ನಮ್ಮ ಹೊಲ ಇರುವುದಿಲ್ಲ. ಕಿರಾಣಿ ಅಂಗಡಿಯ ಗೋಡೆಯ ಮೇಲಿನ ಕ್ಯಾಲೆಂಡರು ಇರುತ್ತದೆ. ಗುಡ್ಡ ನೀಲಿ, ಹುಲ್ಲು ಹಸಿರು, ಆಕಾಶದಲ್ಲಿ ಹತ್ತಿಯಂಥ ಮೋಡ.

ತೊಂದರೆಗಳನ್ನು ಹೇಳುತ್ತೇನೆ. ಕೆಂಪು ನೆಲದ ಬಣ್ಣ ಒಂದು ಗಂಟೆಯೊಳಗೆ ರಾಡಿಯಾಗುತ್ತದೆ. ದೂರದ ಗುಡ್ಡಕ್ಕೆ ಎಷ್ಟು ನೀಲಿ ಬೆರೆಸಿದರೂ ಅದು ಹಿಂದೆ ಸರಿಯದೆ ಮುಂದಕ್ಕೇ ಬರುತ್ತದೆ. ಮೂರನೆಯದು ಇನ್ನೂ ಬೇಸರದ ಸಂಗತಿ: ಮೊದಲ ಕ್ಯಾನ್ವಾಸಿನ ಆಕಾಶ ಈಗ ಬೇಸಿಗೆಯ ಎರೆ ನೆಲದ ಹಾಗೆ ಬಿರಿದಿದೆ. ಅದಕ್ಕೆ ಬಳಸಿದ ಅಗಸೆ ಎಣ್ಣೆಯನ್ನು ಕಬ್ಬಿಣದ ಸಾಮಾನು ಮಾರುವ ಒಂದು ಅಂಗಡಿಯಲ್ಲಿ ತಂದಿದ್ದೆ. ಡಬ್ಬಿಯ ಮೇಲೆ ‘ಬಾಯ್ಲ್ಡ್’ ಎಂದಿತ್ತು, ಕುದಿಸಿದ್ದಾದರೆ ಇನ್ನೂ ಒಳ್ಳೆಯದೇ ಇರಬೇಕೆಂದು ಭಾವಿಸಿದೆ. ತಿಳಿದವರು ದಾರಿ ತೋರಿಸಬೇಕೆಂದು ಕೋರುತ್ತೇನೆ.


ನಿವೃತ್ತ ಡ್ರಾಯಿಂಗ್ ಮೇಷ್ಟ್ರು
ಅದೇ ದಿನ ಸಂಜೆ

ಎಣ್ಣೆಯ ಮಾತನ್ನು ಮೊದಲು ಮುಗಿಸಿಬಿಡೋಣ. ಬಾಗಿಲು ಕಿಟಕಿಗಳಿಗೆ ಬಳಿಯುವ ಆ ಎಣ್ಣೆಯಲ್ಲಿ ಬೇಗ ಆರಲೆಂದು ಲೋಹದ ಲವಣಗಳನ್ನು ಸೇರಿಸಿರುತ್ತಾರೆ. ಅದು ಮರಕ್ಕೆ ಸರಿ. ಚಿತ್ರದಲ್ಲಿ ಮೇಲ್ಮೈ ಬೇಗ ಕೆನೆಗಟ್ಟಿ ಒಳಗೆ ಹಸಿ ಉಳಿಯುತ್ತದೆ, ಕಾಲ ಕಳೆದಂತೆ ಬಣ್ಣವೂ ಕಂದುತ್ತದೆ. ನಮ್ಮ ಕಡೆ ಚಟ್ನಿಪುಡಿಗೆ ಅಗಸೆ ಬಳಸುವ ಮನೆಗಳಲ್ಲಿ ಗಾಣದ ಎಣ್ಣೆಯನ್ನೇ ಚಿತ್ರಕ್ಕೂ ಹಾಕಬಹುದಲ್ಲವೇ ಎಂದು ಕೇಳುವ ವಿದ್ಯಾರ್ಥಿಗಳಿದ್ದರು. ಅದರಲ್ಲಿ ಲೋಳೆಯ ಅಂಶ ಉಳಿದಿರುವುದರಿಂದ ನಿಧಾನವಾಗಿ ಆರುತ್ತದೆ, ಹಳದಿಗೂ ತಿರುಗುತ್ತದೆ. ಚಿತ್ರಕಾರರಿಗೆಂದು ಶುದ್ಧಗೊಳಿಸಿದ ಅಗಸೆ ಎಣ್ಣೆಯ ಒಂದು ಸಣ್ಣ ಸೀಸೆ ತರಿಸಿಕೊಳ್ಳಿ, ಒಂದು ವರ್ಷ ಬರುತ್ತದೆ.

ಆದರೆ ನಿಮ್ಮ ಆಕಾಶ ಬಿರಿದದ್ದಕ್ಕೆ ಎಣ್ಣೆಯೊಂದೇ ಕಾರಣವಿರಲಾರದು. ತೈಲವರ್ಣ ಆರುವುದು ಒದ್ದೆ ಬಟ್ಟೆ ಆರಿದ ಹಾಗಲ್ಲ. ಬಟ್ಟೆಯಿಂದ ನೀರು ಹೊರಗೆ ಹೋಗುತ್ತದೆ. ಅಗಸೆ ಎಣ್ಣೆ ಗಾಳಿಯಿಂದ ಆಮ್ಲಜನಕವನ್ನು ಒಳಗೆಳೆದುಕೊಂಡು ಗಟ್ಟಿಯಾಗುತ್ತದೆ. ಹೀಗಾಗಿ ಎಣ್ಣೆ ಹೆಚ್ಚಿರುವ ಪದರ ತಿಂಗಳುಗಟ್ಟಲೆ ಒಳಗೊಳಗೇ ಅಲುಗಾಡುತ್ತಿರುತ್ತದೆ, ಟರ್ಪೆಂಟೈನಿನಲ್ಲಿ ತೆಳುವಾಗಿಸಿದ ಪದರ ಬೇಗ ಆರಿ ಬಿರುಸಾಗಿ ನಿಲ್ಲುತ್ತದೆ. ಅಲುಗಾಡುವುದರ ಮೇಲೆ ಬಿರುಸಾದದ್ದನ್ನು ಕೂರಿಸಿದರೆ ಬಿರಿಯದೆ ಇನ್ನೇನಾದೀತು? ಆದ್ದರಿಂದ ಕೆಳಗಿನ ಪದರಕ್ಕೆ ಟರ್ಪೆಂಟೈನು, ಮೇಲೆ ಹೋದಂತೆ ಎಣ್ಣೆ ಎಂಬ ಕ್ರಮ ಹುಟ್ಟಿಕೊಂಡಿದೆ. ನೀವು ನೀಲಿಗೆ ಧಾರಾಳವಾಗಿ ಎಣ್ಣೆ ಹಾಕಿ ಬಳಿದು, ವಾರದ ಮೇಲೆ ಟರ್ಪೆಂಟೈನು ಬೆರೆಸಿದ ಬಿಳಿಯಿಂದ ಮೋಡ ಎಬ್ಬಿಸಿದ್ದೀರೆಂದು ನನ್ನ ಊಹೆ.

ಅಂದ ಹಾಗೆ, ಎಣ್ಣೆ ಹತ್ತಿದ ಚಿಂದಿಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯುವ ಅಭ್ಯಾಸವಿದ್ದರೆ ಇಂದೇ ಬಿಡಿ. ಆರುವಾಗ ಹುಟ್ಟುವ ಶಾಖ ಮುದ್ದೆಯೊಳಗೆ ಸೇರಿಕೊಂಡು ಯಾರೂ ಕಿಡಿ ಹಚ್ಚದೆಯೇ ಬೆಂಕಿ ಹತ್ತುವುದುಂಟು. ಬಿಚ್ಚಿ ಹೊರಗೆ ಹರವಿ, ಅಥವಾ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ.

ಇನ್ನು ಗುಡ್ಡ ಮುಂದೆ ಬರುವ ಪ್ರಶ್ನೆ. ಅದು ಬಣ್ಣದ ತಪ್ಪೆಂದು ನೀವು ಭಾವಿಸಿದ್ದೀರಿ. ಬೆಳಕು–ಕಪ್ಪಿನ ಮಟ್ಟದ ತಪ್ಪೆಂದು ನನಗನ್ನಿಸುತ್ತದೆ. ಹೊಲದಲ್ಲಿ ನಿಂತು ಕಣ್ಣನ್ನು ಅರೆಮುಚ್ಚಿ ನೋಡಿ, ಎಲೆ, ದಂಟು, ಹೆಂಟೆಗಳೆಲ್ಲ ಕರಗಿ ನಾಲ್ಕೈದು ದೊಡ್ಡ ತೇಪೆಗಳಷ್ಟೇ ಉಳಿಯುತ್ತವೆ. ಸಾಮಾನ್ಯವಾಗಿ ಆಕಾಶ ಎಲ್ಲಕ್ಕಿಂತ ತಿಳಿ, ಆಕಾಶಕ್ಕೆ ಮೈಯೊಡ್ಡಿ ಮಲಗಿರುವ ನೆಲ ಎರಡನೆಯದು, ಓರೆಯಾಗಿ ನಿಂತ ಗುಡ್ಡ ಮೂರನೆಯದು, ನೆಟ್ಟಗೆ ನಿಂತ ಮರ ಎಲ್ಲಕ್ಕಿಂತ ಕಪ್ಪು. ಗುಡ್ಡ ದೂರ ಹೋದಷ್ಟೂ ಈ ಮಟ್ಟ ಆಕಾಶದ ಕಡೆಗೆ ಏರುತ್ತದೆ. ನೀವು ಗುಡ್ಡವನ್ನು ಕಡುನೀಲಿ ಮಾಡಿ ಮರದಷ್ಟೇ ಕಪ್ಪಾಗಿಸಿದರೆ ಅದು ಮರದ ಪಕ್ಕಕ್ಕೇ ಬಂದು ನಿಲ್ಲುತ್ತದೆ.

ಒಂದು ತಿಂಗಳು ಬಣ್ಣ ಮುಟ್ಟಬೇಡಿ. ಬರ್ನ್ಟ್ ಅಂಬರ್ ಎಂಬ ಕಡುಕಂದು ಮತ್ತು ಬಿಳಿ, ಇವೆರಡರಲ್ಲೇ ಅಂಚೆಕಾರ್ಡಿನಷ್ಟು ದೊಡ್ಡ ಅಭ್ಯಾಸಚಿತ್ರಗಳನ್ನು, ಒಂದಕ್ಕೆ ಹದಿನೈದು ನಿಮಿಷ ಮೀರದಂತೆ, ಇಪ್ಪತ್ತು ಬರೆಯಿರಿ. ಗೋಡೆಗೆ ಒರಗಿಸಿ ಹತ್ತು ಹೆಜ್ಜೆ ಹಿಂದೆ ನಿಂತಾಗ ಹೊಲ ಹೊಲವಾಗಿಯೂ ಗುಡ್ಡ ಗುಡ್ಡವಾಗಿಯೂ ಕಂಡರೆ ಆಮೇಲೆ ಬಣ್ಣದ ಮಾತಾಡೋಣ.


ಸೂಳೆಕೆರೆ ಏರಿ
ಮರುದಿನ

ಮೇಷ್ಟ್ರ ಮಾತನ್ನು ನಾನು ಒಪ್ಪುತ್ತೇನಾದರೂ ಒಂದು ತಿಂಗಳು ಬಣ್ಣ ಬಿಟ್ಟಿರುವ ಸಂಯಮ ನನಗಂತೂ ಇರಲಿಲ್ಲ, ಹಾಗಾಗಿ ನಾನು ಕಲಿತ ಇನ್ನೊಂದು ದಾರಿಯನ್ನು ಹೇಳುತ್ತೇನೆ. ನಾನು ಚನ್ನಗಿರಿ ತಾಲ್ಲೂಕಿನವಳು. ಕೆರೆಯ ಏರಿ, ಅಡಿಕೆ ತೋಟ, ಭದ್ರಾ ನಾಲೆಯ ಗದ್ದೆ, ಇವು ನನ್ನ ವಸ್ತು. ನೀವು ಕೆಂಪಿನ ಬಗ್ಗೆ ಕೇಳಿದ್ದೀರಿ, ನನ್ನ ಕಣ್ಣು ತೆರೆಸಿದ್ದೂ ಅದೇ ಕೆಂಪು.

ಕೆಮ್ಮಣ್ಣನ್ನು ಬರೆಯಬೇಕೆಂದರೆ ನಾನು ಟ್ಯೂಬಿನ ಇಂಡಿಯನ್ ರೆಡ್ ಬಣ್ಣವನ್ನು ನೇರವಾಗಿ ಹಿಂಡಿಕೊಳ್ಳುತ್ತಿದ್ದೆ. ಒಮ್ಮೆ ಹಳೆಯ ಮದುವೆ ಪತ್ರಿಕೆಯ ರಟ್ಟಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಚೌಕವಾದ ಕಿಂಡಿ ಕತ್ತರಿಸಿ, ಅದನ್ನು ಕಣ್ಣಿನ ಮುಂದೆ ಚಾಚಿ ಹಿಡಿದು ಒಂದು ಕಣ್ಣಿನಿಂದ ಹೊಲ ನೋಡಿದೆ. ಕಿಂಡಿಯೊಳಗೆ ಹೊಲವಿರಲಿಲ್ಲ, ಒಂದು ಬಣ್ಣದ ತುಂಡು ಮಾತ್ರ ಇತ್ತು. ಅದು ಕೆಂಪಾಗಿರಲಿಲ್ಲ! ಬೂದು ಬೆರೆತ ತಿಳಿಗುಲಾಬಿಯಾಗಿತ್ತು. ಕಾಲಡಿಯ ಹೆಂಟೆಯನ್ನು ಎತ್ತಿ ಪಕ್ಕದಲ್ಲಿ ಹಿಡಿದೆ; ಅದು ನಿಜಕ್ಕೂ ಕೆಂಪು. ಅದೇ ಮಣ್ಣು ಇನ್ನೂರು ಮೀಟರಿನಾಚೆ, ಬೆಳಿಗ್ಗೆ ಎಂಟು ಗಂಟೆಯ ಬಿಸಿಲಿನಲ್ಲಿ, ಬೇರೆಯದೇ ಬಣ್ಣವಾಗಿತ್ತು. ಹೊಲ ಕೆಂಪೆಂದು ನನಗೆ ಗೊತ್ತಿದ್ದುದರಿಂದಲೇ ಅಷ್ಟು ದಿನ ಅದನ್ನು ನಾನು ನೋಡಿರಲೇ ಇಲ್ಲ.

ಈಗ ನಾನು ಮಾಡುವುದು ಇಷ್ಟು. ಕ್ಯಾನ್ವಾಸಿಗೆ ಕುಂಚ ಮುಟ್ಟಿಸುವ ಮೊದಲೇ ಪ್ಯಾಲೆಟ್ ಚಾಕುವಿನಿಂದ ಐದಾರು ಗುಪ್ಪೆ ಬಣ್ಣ ಕಲಸಿಕೊಳ್ಳುತ್ತೇನೆ: ಆಕಾಶ, ದೂರದ ಗುಡ್ಡ, ನಡುವಿನ ನೆಲ, ಹತ್ತಿರದ ನೆಲ, ಮರದ ಬಿಸಿಲಿನ ಭಾಗ, ಮರದ ನೆರಳಿನ ಭಾಗ. ಚಾಕುವಿನ ತುದಿಗೆ ಚೂರು ಬಣ್ಣ ತೆಗೆದುಕೊಂಡು ಕಿಂಡಿಯ ಅಂಚಿಗೆ ಹಚ್ಚಿ ಮತ್ತೆ ಹೊಲ ನೋಡುತ್ತೇನೆ. ಹೊಲದ ಬಣ್ಣವೂ ಅಂಚಿನ ಬಣ್ಣವೂ ಕೂಡಿಕೊಂಡು ಗೆರೆ ಮಾಯವಾಗುವ ತನಕ ಕಲಸುತ್ತಲೇ ಇರುತ್ತೇನೆ. ಮುಂಭಾಗದ ಕೆಮ್ಮಣ್ಣಿಗೆ ಬರ್ನ್ಟ್ ಸಿಯೆನ್ನಾ (ಕೆಂಗಂದು) ಮತ್ತು ಯೆಲ್ಲೋ ಓಕರ್ (ಮಣ್ಣುಹಳದಿ), ಜೊತೆಗೆ ಸ್ವಲ್ಪ ಬಿಳಿ. ಹಿಂದೆ ಹೋದಂತೆ ಬಿಳಿ ಹೆಚ್ಚು, ಸಾಸಿವೆಯಷ್ಟು ಅಲ್ಟ್ರಾಮರೀನ್ ನೀಲಿ. ನೀಲಿ ಸಾಸಿವೆಯಷ್ಟೇ ಇರಬೇಕು, ಕಡಲೆಯಷ್ಟಾದರೆ ನೇರಳೆ ಬಣ್ಣಕ್ಕೆ ತಿರುಗುತ್ತದೆ.

ರಾಡಿಯಾಗುವುದಕ್ಕೂ ಇದೇ ಮದ್ದು. ಕ್ಯಾನ್ವಾಸಿನ ಮೇಲೆಯೇ ಬಣ್ಣ ಕಲಸುತ್ತ ಹೋದಷ್ಟೂ ಬಿಸಿಲಿನ ಬಣ್ಣ ನೆರಳಿಗೂ ನೆರಳಿನದು ಬಿಸಿಲಿಗೂ ಸೇರುತ್ತದೆ. ಬಿಸಿಲಿಗೊಂದು, ನೆರಳಿಗೊಂದು ಕುಂಚ ಬೇರೆಯಿಟ್ಟುಕೊಳ್ಳಿ. ಒಂದು ಜಾಗದಲ್ಲಿ ಮೂರು ಸಲಕ್ಕಿಂತ ಹೆಚ್ಚು ಕುಂಚ ಆಡಿಸಬೇಡಿ. ಸರಿ ಬರಲಿಲ್ಲವೆಂದರೆ ಚಾಕುವಿನಿಂದ ಕೆರೆದು ತೆಗೆದು ಹೊಸದಾಗಿ ಹಚ್ಚುವುದು ತಿದ್ದುವುದಕ್ಕಿಂತ ಬೇಗ ಆಗುತ್ತದೆ.


ಎರೆಹೊಲ
ಅದೇ ರಾತ್ರಿ

ಮೇಷ್ಟ್ರೇ, ನೆಲವು ಮರಕ್ಕಿಂತ ತಿಳಿಯಾಗಿರುತ್ತದೆ ಎಂಬ ನಿಮ್ಮ ನಿಯಮ ಮಸಾರಿ ನೆಲದವರಿಗೆ ಸರಿಹೋಗಬಹುದು. ನಮ್ಮ ಎರೆ ಹೊಲವನ್ನು ಒಂದು ಹದ ಮಳೆಯಾದ ಮೇಲೆ ಉತ್ತಾಗ ನೋಡಿ. ಬದುವಿನ ಜಾಲಿಮರವೇ ತಿಳಿಯಾಗಿ, ನೆಲವೇ ಕಪ್ಪಾಗಿ ಕಾಣುತ್ತದೆ.

ನಾನು ಚಿತ್ರ ಬರೆಯುವವನಲ್ಲ, ಹೊಲ ಮಾಡುವವನು. ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇದ್ದ ಹಾಗೆ ಬರೆಯುತ್ತೇವೆಂದು ಹೇಳುವವರ ಚಿತ್ರದಲ್ಲಿ ಎತ್ತಿನ ಗಾಡಿ ಇರುತ್ತದೆ, ಟ್ರ್ಯಾಕ್ಟರ್ ಇರುವುದಿಲ್ಲ. ಬಣವೆ ಇರುತ್ತದೆ, ಅದರ ಮೇಲೆ ನಾವು ಹೊದಿಸುವ ನೀಲಿ ತಾಡಪಾಲು ಇರುವುದಿಲ್ಲ. ಕರೆಂಟಿನ ಕಂಬ, ಹನಿ ನೀರಾವರಿಯ ಕರಿ ಪೈಪು, ಕೊಳವೆಬಾವಿಯ ಪೆಟ್ಟಿಗೆ ಯಾವುದೂ ಇರುವುದಿಲ್ಲ. ಗಾಳಿಯಂತ್ರ ಬರೆಯುತ್ತೀರೋ ಇಲ್ಲವೋ, ಮೊದಲು ಅದನ್ನು ಹೇಳಿ.


ನಿವೃತ್ತ ಡ್ರಾಯಿಂಗ್ ಮೇಷ್ಟ್ರು
ಎರಡು ದಿನಗಳ ನಂತರ

ಎರೆಹೊಲ ಅವರ ಮಾತು ಸರಿ, ನಿಯಮವನ್ನು ಹೊಲ ಮುರಿದಾಗ ಹೊಲವನ್ನೇ ನಂಬಬೇಕು. ಹಾಗೆಯೇ ಬಿಸಿಲು ಬಿದ್ದ ಸುಣ್ಣದ ಗೋಡೆ ಆಕಾಶಕ್ಕಿಂತ ಬೆಳ್ಳಗಿರುತ್ತದೆ. ಇಂಥವನ್ನು ಕಣ್ಣಿನಿಂದ ಹೋಲಿಸಿಯೇ ತಿಳಿಯಬೇಕು.

ತಾಡಪಾಲಿನ ವಿಷಯದಲ್ಲಿ ನನ್ನ ಅಭಿಪ್ರಾಯ ಹೀಗಿದೆ. ಬಿಡುವುದಕ್ಕೆ ಚಿತ್ರಕಾರನಿಗೆ ಹಕ್ಕಿದೆ, ಆದರೆ ಹಳೆಯ ಕಾಲದ್ದಾಗಿ ಕಾಣಲೆಂದು ಬಿಡುವುದು ಬೇರೆ, ಚಿತ್ರಕ್ಕೆ ಬೇಡವೆಂದು ಬಿಡುವುದು ಬೇರೆ. ಕೆಂಪು, ಕಂದು, ಹುಲ್ಲಿನ ಹಳದಿಗಳ ನಡುವೆ ಒಂದು ಗೇಣು ನೀಲಿ ತಾಡಪಾಲು ಇದ್ದರೆ ಸುತ್ತಲಿನ ಕೆಂಪು ಇನ್ನಷ್ಟು ಕೆಂಪಾಗುತ್ತದೆ. ಅಂಥದ್ದನ್ನು ಬಿಟ್ಟರೆ ನಿಮಗೇ ನಷ್ಟ. ಗಾಳಿಯಂತ್ರಗಳ ಮಾತೂ ಅಷ್ಟೆ, ಬರೆಯಿರಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಅವು ಇರುವುದು ಸತ್ಯ. ಗುಡ್ಡದ ಎತ್ತರ ಎಷ್ಟೆಂದು ನೋಡುವವರಿಗೆ ತಿಳಿಯುವುದೂ ಅವುಗಳಿಂದಲೇ. ಒಂದೇ ಎಚ್ಚರಿಕೆ: ಅವನ್ನು ಅಚ್ಚ ಬಿಳಿಯಲ್ಲಿ ಬರೆಯಬೇಡಿ. ಬೆಳಗಿನ ಆಕಾಶದ ಎದುರು ಅವು ಆಕಾಶಕ್ಕಿಂತ ತುಸು ಕಪ್ಪಾಗಿ ಕಾಣುವುದೇ ಹೆಚ್ಚು. ಸೂರ್ಯ ನಿಮ್ಮ ಬೆನ್ನಿಗಿದ್ದಾಗ ಮಾತ್ರ ಹೊಳೆಯುತ್ತವೆ.


ಕೋಟೆ ಬೆಳಕು
ಅದೇ ದಿನ

ನಾನು ಚಿತ್ರದುರ್ಗದಲ್ಲಿ ಫೋಟೋ ತೆಗೆಯುವವನು, ಜೊತೆಗೆ ಆಗಾಗ ತೈಲವರ್ಣದಲ್ಲೂ ಕೈಯಾಡಿಸುತ್ತೇನೆ. ಎಲ್ಲರೂ ಹೊಲಕ್ಕೇ ಹೋಗಿ ಬರೆಯಿರಿ ಎನ್ನುತ್ತಿದ್ದೀರಿ. ವಾರದಲ್ಲಿ ಆರು ದಿನ ದುಡಿದು, ಏಳನೆಯ ದಿನ ಮನೆಯ ಕೆಲಸವನ್ನೂ ನೋಡಿಕೊಳ್ಳುವವರಿಗೆ ಫೋಟೋ ನೋಡಿ ಬರೆಯುವುದೊಂದೇ ದಾರಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಆದರೆ ಫೋಟೋ ಎಲ್ಲೆಲ್ಲಿ ಸುಳ್ಳು ಹೇಳುತ್ತದೆಂದು ತಿಳಿದಿರಬೇಕು. ಮೊಬೈಲಿನ ಮುಖ್ಯ ಕ್ಯಾಮೆರಾದ ಮಸೂರ ಅಗಲ ನೋಟದ್ದು. ಅದರಲ್ಲಿ ಕಾಲಡಿಯ ನೆಲ ಉದ್ದವಾಗಿ ಹಿಗ್ಗುತ್ತದೆ, ದೂರದ ಗುಡ್ಡ ಕುಗ್ಗುತ್ತದೆ. ಹೊಲದಲ್ಲಿ ನಿಂತಾಗ ಎದೆ ತುಂಬಿದ ಗುಡ್ಡ ಫೋಟೋದಲ್ಲಿ ಇರುವೆ ಸಾಲಾಗಿಬಿಡುವುದು ಇದಕ್ಕೇ. ಎರಡು ಅಥವಾ ಮೂರು ಪಟ್ಟು ಹಿಗ್ಗಿಸಿ ಇನ್ನೊಂದು ಫೋಟೋ ತೆಗೆದುಕೊಂಡು ಗುಡ್ಡದ ಗಾತ್ರಕ್ಕೆ ಅದನ್ನು ನೋಡಿ. ಇನ್ನೊಂದು ಸುಳ್ಳು ನೆರಳಿನದು. ಬಿಸಿಲಿಗೆ ಹೊಂದಿಸಿದ ಫೋಟೋದಲ್ಲಿ ನೆರಳು ಇದ್ದಿಲಿನಷ್ಟು ಕಪ್ಪು. ಕಣ್ಣಿಗೆ ಕಾಣುವ ನೆರಳಿನಲ್ಲಿ ಮೇಲಿನಿಂದ ಆಕಾಶದ ನೀಲಿ, ಕೆಳಗಿನಿಂದ ಮಣ್ಣಿನ ಕೆಂಪು ಎರಡೂ ಇರುತ್ತವೆ. ಫೋಟೋ ಜೊತೆಗೆ ಹೊಲದಲ್ಲೇ ಕಲಸಿದ ಐದು ಬಣ್ಣಗಳ ಒಂದು ಪಟ್ಟಿಯನ್ನು ರಟ್ಟಿನ ಮೇಲೆ ಹಚ್ಚಿಕೊಂಡು ಬಂದರೆ ಮನೆಯಲ್ಲಿ ಕುಳಿತು ಬರೆದರೂ ಚಿತ್ರ ಹೊಲದ ಕಡೆಗೇ ಇರುತ್ತದೆ.

ಕೋಟೆಯ ಬಂಡೆಗಳನ್ನು ಬರೆಯುವವರಿಗೂ ಒಂದು ಮಾತು. ಬಂಡೆಯ ಹೊರಗೆರೆ ಎಳೆದು ಒಳಗೆ ಬೂದು ತುಂಬಿದರೆ ಅದು ಆಲೂಗಡ್ಡೆಯಾಗುತ್ತದೆ. ನನ್ನ ಮೊದಲ ಹತ್ತು ಬಂಡೆಗಳೂ ಆಲೂಗಡ್ಡೆಗಳೇ. ಬಂಡೆಗೆ ಒಂದು ನೆತ್ತಿ, ಒಂದು ಬಿಸಿಲ ಕೆನ್ನೆ, ಒಂದು ನೆರಳ ಕೆನ್ನೆ ಇವೆ. ಬಿಸಿಲು ನೇರವಾಗಿ ಬೀಳದಿದ್ದರೂ ನೆತ್ತಿ ಆಕಾಶವನ್ನು ನೋಡುತ್ತಿರುವುದರಿಂದ ನೀಲಿ ಸೇರಿದ ತಂಪುಬೂದು. ನೆರಳ ಕೆನ್ನೆಯ ಬುಡ ಮಣ್ಣಿನ ಪ್ರತಿಫಲನದಿಂದ ಬೆಚ್ಚಗೆ ಕೆಂಪಾಗಿರುತ್ತದೆ. ಮಳೆನೀರು ಇಳಿದು ಮೂಡಿದ ಕಪ್ಪು ಪಟ್ಟೆಗಳನ್ನು ಕೊನೆಯಲ್ಲಿ, ಮೇಲಿನಿಂದ ಕೆಳಕ್ಕೆ ಒಂದೇ ಎಳೆತದಲ್ಲಿ ಬರೆಯಿರಿ.


ಹೊಳಲ್ಕೆರೆ ಹಾದಿ
ಹತ್ತು ದಿನಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಮೇಷ್ಟ್ರ ಊಹೆ ಅಕ್ಷರಶಃ ನಿಜವಾಗಿತ್ತು: ನೀಲಿಗೆ ಎಣ್ಣೆ, ಮೋಡಕ್ಕೆ ಟರ್ಪೆಂಟೈನು. ಅಂಬರ್ ಮತ್ತು ಬಿಳಿಯಲ್ಲಿ ಹನ್ನೊಂದು ಕಾರ್ಡು ಬರೆದಿದ್ದೇನೆ. ಏಳನೆಯದರಲ್ಲಿ ಗುಡ್ಡ ಮೊದಲ ಬಾರಿಗೆ ಹಿಂದಕ್ಕೆ ಸರಿಯಿತು. ಅದರಲ್ಲಿ ಗುಡ್ಡಕ್ಕೂ ಆಕಾಶಕ್ಕೂ ಇರುವ ಅಂತರ ಎಷ್ಟು ಕಡಿಮೆಯೆಂದರೆ, ಹತ್ತಿರದಿಂದ ನೋಡಿದರೆ ಗುಡ್ಡವೇ ಇಲ್ಲ.

ಮದುವೆ ಪತ್ರಿಕೆಗೂ ಕಿಂಡಿ ಬಿದ್ದಿದೆ. ಈಗ ಹೊಸ ತೊಡಕೊಂದು ಎದುರಾಗಿದೆ. ನಾನು ಕಲಸುವ ಹಸಿರೆಲ್ಲ ಪ್ಲಾಸ್ಟಿಕ್ ಬುಟ್ಟಿಯ ಹಸಿರಾಗುತ್ತದೆ. ಹುಣಸೆ, ಬೇವು, ಜಾಲಿ ಮೂರೂ ಒಂದೇ. ಎರಡನೆಯದು ಸಮಯದ್ದು: ಬೆಳಿಗ್ಗೆ ಏಳೂವರೆಗೆ ಶುರುಮಾಡಿದರೆ ಒಂಬತ್ತೂವರೆ ಹೊತ್ತಿಗೆ ಮರದ ನೆರಳು ಬಣವೆಯಿಂದ ಹೊರಟು ಬೇರೆಲ್ಲೋ ಇರುತ್ತದೆ.


ಸೂಳೆಕೆರೆ ಏರಿ
ಮರುದಿನ

ಹಸಿರಿನ ಟ್ಯೂಬನ್ನು ಪೆಟ್ಟಿಗೆಯಿಂದ ತೆಗೆದಿಡಿ. ಬೇಸಿಗೆಯ ಹೊಸ್ತಿಲಲ್ಲಿ ನಮ್ಮ ಬಯಲಿನಲ್ಲಿ ಅಚ್ಚಹಸಿರು ಎಲ್ಲಿದೆ ಹೇಳಿ. ನಾಲೆಯ ಗದ್ದೆಯಲ್ಲಿದೆ, ಹೊಸ ಚಿಗುರಿನ ಹೊಂಗೆಯಲ್ಲಿದೆ, ಅಷ್ಟೆ. ಜಾಲಿಗೆ ಐವರಿ ಬ್ಲ್ಯಾಕ್ ಮತ್ತು ಕ್ಯಾಡ್ಮಿಯಂ ಯೆಲ್ಲೋ ಬೆರೆಸಿ ನೋಡಿ. ಕಪ್ಪಿನಿಂದ ಹಸಿರು ಹುಟ್ಟುವುದು ಮೊದಲ ಬಾರಿಗೆ ವಿಚಿತ್ರವೆನಿಸುತ್ತದೆ, ಆದರೆ ಆ ಧೂಳು ಹೊದ್ದ ಹಸಿರು ಬೇರೆ ಯಾವುದರಿಂದಲೂ ನನಗೆ ಸಿಕ್ಕಿಲ್ಲ. ಹುಣಸೆಗೆ ಅಲ್ಟ್ರಾಮರೀನ್ ಮತ್ತು ಯೆಲ್ಲೋ ಓಕರ್, ನೆರಳಿನ ಭಾಗಕ್ಕೆ ಅದರಲ್ಲೇ ಸ್ವಲ್ಪ ಬರ್ನ್ಟ್ ಸಿಯೆನ್ನಾ. ಗದ್ದೆ ಬರೆಯುವ ದಿನ ಮಾತ್ರ ವಿರಿಡಿಯನ್ ಎಂಬ ಹಸಿರು ಹೊರಬರಲಿ, ಅದೂ ಹಳದಿಗೆ ಚಿಟಿಕೆಯಷ್ಟು.

ಕ್ಯಾನ್ವಾಸಿನ ಬಿಳಿಯನ್ನು ಮೊದಲೇ ಮುಚ್ಚುತ್ತಿದ್ದೀರಾ? ಟರ್ಪೆಂಟೈನಿನಲ್ಲಿ ತೆಳುವಾಗಿಸಿದ ಬರ್ನ್ಟ್ ಸಿಯೆನ್ನಾವನ್ನು ಇಡೀ ಕ್ಯಾನ್ವಾಸಿಗೆ ಬಳಿದು ಬಟ್ಟೆಯಿಂದ ಒರೆಸಿ, ಎರಡು ದಿನ ಆರಲು ಬಿಡಿ. ದಂಟುಗಳ ಸಂದಿಯಲ್ಲಿ, ಮರದ ಎಲೆಗಳ ನಡುವೆ ಅದು ಅಲ್ಲಲ್ಲಿ ಇಣುಕಿದರೆ ಹಸಿರಿನ ಚುಚ್ಚು ತಾನಾಗಿಯೇ ಇಳಿಯುತ್ತದೆ. ನಮ್ಮ ನೆಲದಲ್ಲಿ ಹಸಿರಿನ ಕೆಳಗೆ ಕೆಂಪು ಇದ್ದೇ ಇದೆಯಲ್ಲ.


ನಿವೃತ್ತ ಡ್ರಾಯಿಂಗ್ ಮೇಷ್ಟ್ರು
ಅದೇ ದಿನ

ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಎರಡು ಗಂಟೆಯಲ್ಲಿ ನೆರಳು ಹೊರಟುಹೋಗುವುದು ಅವನ ತಪ್ಪಲ್ಲ. ಹೊಲಕ್ಕೆ ಹೋದ ಮೊದಲ ಹತ್ತು ನಿಮಿಷದಲ್ಲೇ ನೆರಳುಗಳ ಆಕಾರವನ್ನು ತೆಳು ಅಂಬರಿನಲ್ಲಿ ಗುರುತಿಸಿ, ಆಮೇಲೆ ಅವು ಎಲ್ಲಿಗೆ ಹೋದರೂ ಬೆನ್ನಟ್ಟಬೇಡಿ. ಒಂದೂವರೆ ಗಂಟೆ ಕಳೆದೊಡನೆ ಪೆಟ್ಟಿಗೆ ಮುಚ್ಚಿ, ಮುಂದಿನ ಭಾನುವಾರ ಅದೇ ಹೊತ್ತಿಗೆ ಮುಂದುವರಿಸಿ.

ಪೆಟ್ಟಿಗೆಯ ಮಾತು ಬಂತು. ಬಣ್ಣವನ್ನು ಹೀಗೆ ಹೊಲಕ್ಕೆ ಒಯ್ಯಲು ಸಾಧ್ಯವಾದದ್ದೇ ತವರದ ಟ್ಯೂಬು ಬಂದ ಮೇಲೆ. ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ 1841ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಅದಕ್ಕೂ ಮುಂಚೆ ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ಕಟ್ಟಿ, ಚುಚ್ಚಿ ಹಿಂಡಿಕೊಳ್ಳುತ್ತಿದ್ದರು. ಅಂಥ ಕಾಲದಲ್ಲೂ ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೇಬಲ್ 1821–22ರಲ್ಲಿ ಹ್ಯಾಂಪ್‌ಸ್ಟೆಡ್ ಎಂಬಲ್ಲಿ ಬಯಲಿನಲ್ಲಿ ನಿಂತು ಬರಿಯ ಮೋಡಗಳನ್ನೇ ತೈಲವರ್ಣದಲ್ಲಿ ಮತ್ತೆ ಮತ್ತೆ ಬರೆದ. ಹಲವು ಚಿತ್ರಗಳ ಹಿಂಬದಿಯಲ್ಲಿ ದಿನ, ಹೊತ್ತು, ಗಾಳಿಯ ವಿವರಗಳನ್ನು ಬರೆದಿಟ್ಟ. ನೀವೂ ಕಾರ್ಡುಗಳ ಹಿಂದೆ ದಿನ, ಗಂಟೆ, ಮಂಜೋ ಧೂಳೋ ಎಂದು ಬರೆದಿಡಿ. ಕಾರಹುಣ್ಣಿಮೆಯ ಹೊತ್ತಿಗೆ ಮೋಡ ಕವಿದಾಗ ನೀವು ಈಗ ಬರೆದುದರಲ್ಲಿ ಯಾವುದೂ ಉಪಯೋಗಕ್ಕೆ ಬಾರದೆಂದು ತಿಳಿಯಲಿಕ್ಕಾದರೂ ಅದು ಬೇಕು.

ಮೊಬೈಲು ಬದಿಗಿಟ್ಟು ಮೂಲಚಿತ್ರಗಳನ್ನೂ ನೋಡಿ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರಾಜಾ ರವಿವರ್ಮನ ತೈಲಚಿತ್ರಗಳಿವೆ. ಸೀರೆ, ಒಡವೆ ಬಿಟ್ಟು ಅವನ ನೆರಳುಗಳಲ್ಲಿ ಬಣ್ಣ ಎಷ್ಟು ತೆಳುವಾಗಿದೆ, ಬೆಳಕಿನಲ್ಲಿ ಎಷ್ಟು ದಪ್ಪವಾಗಿದೆ ಎಂಬುದನ್ನು ಪಕ್ಕಕ್ಕೆ ನಿಂತು ನೋಡಿ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯಲ್ಲಿ ಕೆ. ವೆಂಕಟಪ್ಪನವರ ಊಟಿಯ ನಿಸರ್ಗಚಿತ್ರಗಳಿವೆ. ಅವು ಜಲವರ್ಣ, ಆದರೂ ಗುಡ್ಡ ಹಿಂದಕ್ಕೆ ಹೇಗೆ ಸರಿಯುತ್ತದೆಂಬ ಪಾಠ ಅಲ್ಲಿದೆ. ಊಟಿಯ ನೀಲಿಯನ್ನು ಮಾತ್ರ ಹೊಳಲ್ಕೆರೆಗೆ ತರಬೇಡಿ.


ಜಾಜು ಸುಣ್ಣ
ಎರಡು ವಾರಗಳ ನಂತರ

ತಡವಾಗಿ ಓದುತ್ತಿದ್ದೇನೆ, ಕ್ಷಮಿಸಿ. ನಮ್ಮಜ್ಜಿ ಹೊಸ್ತಿಲಿಗೆ, ಗೋಡೆಯ ಬುಡಕ್ಕೆ ಜಾಜು, ಅಂದರೆ ಕೆಮ್ಮಣ್ಣಿನ ಬಣ್ಣ, ಬಳಿಯುತ್ತಿದ್ದರು. ಹೊಲದ ಮಣ್ಣನ್ನೇ ಎಣ್ಣೆಯಲ್ಲಿ ಅರೆದು ಬಣ್ಣ ಮಾಡಿಕೊಂಡರೆ ಆ ಕೆಂಪಿಗಾಗಿ ಇಷ್ಟು ಕಷ್ಟಪಡುವುದೇಕೆ? ಇದು ಸಾಧ್ಯವೇ?


ನಿವೃತ್ತ ಡ್ರಾಯಿಂಗ್ ಮೇಷ್ಟ್ರು
ಮರುದಿನ

ಖಂಡಿತ ಸಾಧ್ಯ. ನೀವು ಟ್ಯೂಬಿನಲ್ಲಿ ಕೊಳ್ಳುವ ಓಕರ್, ಸಿಯೆನ್ನಾ, ಅಂಬರ್‌ಗಳೂ ಮೂಲದಲ್ಲಿ ಮಣ್ಣೇ. ಕಬ್ಬಿಣದ ಆಕ್ಸೈಡು ನೀರಿನಂಶದೊಡನೆ ಇದ್ದರೆ ಹಳದಿ ಓಕರ್; ಸಿಯೆನ್ನಾ ಮಣ್ಣನ್ನು ಸುಟ್ಟು ಆ ನೀರನ್ನು ಓಡಿಸಿದರೆ ಕೆಂಪು ಬರ್ನ್ಟ್ ಸಿಯೆನ್ನಾ. ಅಂಬರಿನಲ್ಲಿ ಜೊತೆಗೆ ಮ್ಯಾಂಗನೀಸ್ ಇರುತ್ತದೆ, ಅದು ಬೇಗ ಆರುವುದೂ ಅದರಿಂದಲೇ. ಕಬ್ಬಿಣ, ಮ್ಯಾಂಗನೀಸ್ ಎರಡರ ಅದಿರೂ ಇರುವ ನಮ್ಮ ಜಿಲ್ಲೆಯಲ್ಲಿ ಬಣ್ಣದ ಮಣ್ಣಿಗೆ ಬರವಿಲ್ಲ.

ಗೊಬ್ಬರ ಹಾಕಿದ ಹೊಲದ ಮೇಲ್ಮಣ್ಣು ಬೇಡ, ಅದರಲ್ಲಿ ಕೊಳೆತ ಬೇರು ಎಲೆಗಳಿರುತ್ತವೆ. ಹಳ್ಳದ ದಂಡೆ ಕುಸಿದ ಕಡೆ ಸಿಗುವ ನುಣುಪು ಕೆಮ್ಮಣ್ಣು ತನ್ನಿ. ಬಕೆಟ್ ನೀರಿನಲ್ಲಿ ಕದಡಿ ಒಂದು ನಿಮಿಷ ಬಿಟ್ಟರೆ ಮರಳು ತಳಕ್ಕಿಳಿಯುತ್ತದೆ. ಮೇಲಿನ ಕೆನ್ನೀರನ್ನು ತೆಳುಬಟ್ಟೆಯಲ್ಲಿ ಸೋಸಿ ಬೇರೆ ಪಾತ್ರೆಗೆ ಬಗ್ಗಿಸಿ. ಹೀಗೆ ನಾಲ್ಕೈದು ಬಾರಿ ಮಾಡಿ, ಕೊನೆಯ ನೀರನ್ನು ರಾತ್ರಿಯಿಡೀ ಬಿಟ್ಟು, ತಳದ ಗಸಿಯನ್ನು ತಟ್ಟೆಯಲ್ಲಿ ಒಣಗಿಸಿ ಕುಟ್ಟಿ ವಸ್ತ್ರಗಾಳಿತ ಮಾಡಿ. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ದಪ್ಪ ಗಾಜಿನ ಮೇಲೆ ಪುಡಿಗೆ ಹನಿಹನಿಯಾಗಿ ಅಗಸೆ ಎಣ್ಣೆ ಹಾಕುತ್ತ, ಚಪ್ಪಟೆ ತಳದ ಗಾಜಿನ ಗುಂಡಿನಿಂದ ಎಂಟರ ಆಕಾರದಲ್ಲಿ ಅರೆಯಿರಿ. ಮೊದಲಿಗೆ ಗರಗರ ಸದ್ದು ಬರುತ್ತದೆ. ಅದು ನಿಂತು, ಬೆಣ್ಣೆ ಸವರಿದಂತಾದಾಗ ಬಣ್ಣ ಸಿದ್ಧ.

ಆದರೆ ಒಂದು ಭ್ರಮೆ ಬೇಡ. ಹೊಲದ ಮಣ್ಣಿನಿಂದಲೇ ಮಾಡಿದ ಬಣ್ಣವೆಂದ ಮಾತ್ರಕ್ಕೆ ಅದು ಇನ್ನೂರು ಮೀಟರಿನಾಚೆಯ ಹೊಲದಂತೆ ಕಾಣುವುದಿಲ್ಲ. ಎಣ್ಣೆ ತಾಗಿದೊಡನೆ ಮಣ್ಣು ಮಳೆಯಲ್ಲಿ ನೆನೆದಂತೆ ಕಪ್ಪಾಗುತ್ತದೆ, ದೂರಕ್ಕೆ ಬಿಳಿ, ನೀಲಿ ಮತ್ತೆ ಬೇಕೇ ಬೇಕು.


ಹೊಳಲ್ಕೆರೆ ಹಾದಿ
ಏಪ್ರಿಲ್, ಮೂರನೆಯ ವಾರ

10 ಇಂಚಿಗೆ 12 ಇಂಚಿನ ಕ್ಯಾನ್ವಾಸ್ ಬೋರ್ಡಿನ ಮೇಲೆ ನಾಲ್ಕು ಭಾನುವಾರ, ಬೆಳಿಗ್ಗೆ ಏಳರಿಂದ ಎಂಟೂವರೆಯ ತನಕ ಬರೆದು ಒಂದು ಚಿತ್ರವನ್ನು ಮುಗಿಸುವ ಹಂತಕ್ಕೆ ಬಂದಿದ್ದೇನೆ. ಫೆಬ್ರವರಿಯಲ್ಲಿ ಗುಡ್ಡ ತುಸು ನೀಲಿಯಾಗಿತ್ತು. ಈಗ ಬೇಸಿಗೆಯ ಧೂಳಿನಲ್ಲಿ ಅದರ ನೀಲಿ ಪೂರ್ತಿ ಹೋಗಿ, ಮಾಸಿದ ಪಂಚೆಯ ಬಣ್ಣಕ್ಕೆ ಬಂದಿದೆ. ಕಿಂಡಿಯಲ್ಲಿ ನೋಡಿ ಬಿಳಿ, ಯೆಲ್ಲೋ ಓಕರ್, ಮುಂಭಾಗದ ಕೆಂಪಿನದೇ ಒಂದು ಚೂರು, ನೀಲಿ ನಾಮಮಾತ್ರ, ಇಷ್ಟು ಸೇರಿಸಿದಾಗ ಬಣ್ಣ ಕೂಡಿಬಂತು. ದೂರ ಎಂದರೆ ನೀಲಿ ಎಂದು ಒಂದೂವರೆ ವರ್ಷ ನಂಬಿದ್ದೆ. ಇದೇಕೆ ಹೀಗೆಂದು ಕೋಟೆ ಬೆಳಕು ಅವರನ್ನು ಖಾಸಗಿಯಾಗಿ ಕೇಳಿದಾಗ ಅವರು ವಿವರಿಸಿದರು: ಸ್ವಚ್ಛ ಗಾಳಿಯ ಅಣುಗಳು ನೀಲಿ ಬೆಳಕನ್ನೇ ಹೆಚ್ಚು ಚದುರಿಸುತ್ತವೆ, ದಪ್ಪ ಧೂಳಿನ ಕಣಗಳು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತವೆ, ಹಾಗಾಗಿ ದೂರ ಬೆಳ್ಳಗಾಗುತ್ತದೆ.

ತಾಡಪಾಲು ಬರೆದಿದ್ದೇನೆ, ಎರೆಹೊಲ ಅವರೇ. ಗಾಳಿಯಂತ್ರಗಳಲ್ಲಿ ಐದನ್ನು ಇಟ್ಟುಕೊಂಡು ಉಳಿದವನ್ನು ಬಿಟ್ಟೆ. ಆಕಾಶ ಇನ್ನೂ ಗೋಡೆಯ ಹಾಗೆ ಕುಳಿತಿದೆ, ಅದಕ್ಕೆ ದಾರಿ ಕಂಡಿಲ್ಲ.

ಚಿತ್ರವನ್ನು ಪಡಸಾಲೆಯಲ್ಲಿ ಒರಗಿಸಿಟ್ಟಿದ್ದೆ. ಅಮ್ಮ ಮೊರ ಹಿಡಿದುಕೊಂಡು ಹಾದುಹೋಗುವಾಗ ನಿಂತು ನೋಡಿ, “ಹುಣಸೆಮರದ ಕೆಳಗಿನ ಕೊಂಬೆ ಯಾವಾಗ ಕಡಿಸಿದೆಯೋ?” ಎಂದರು. ಕಡಿಸಿಲ್ಲ, ಬಣವೆಗೆ ಅಡ್ಡ ಬರುತ್ತದೆಂದು ಚಿತ್ರದಲ್ಲಿ ಬಿಟ್ಟಿದ್ದೆ, ಅಷ್ಟೆ. ಈಗ ಅದನ್ನು ಸೇರಿಸಬೇಕೇ? ಸೇರಿಸುವುದಾದರೆ ಆರಿದ ಬಣ್ಣದ ಮೇಲೆ ಹೇಗೆ? ವಾರ್ನಿಷ್ ಯಾವಾಗ ಬಳಿಯಬಹುದು?


ಸೂಳೆಕೆರೆ ಏರಿ
ಅದೇ ದಿನ

ಆಕಾಶ ಗೋಡೆಯಾಗುವುದು ಒಂದೇ ಬಣ್ಣವನ್ನು ಮೇಲಿನಿಂದ ಕೆಳಗಿನ ತನಕ ಬಳಿದಾಗ. ನೆತ್ತಿಯ ಮೇಲಿನ ಆಕಾಶಕ್ಕೂ ಗುಡ್ಡದ ಅಂಚಿನ ಆಕಾಶಕ್ಕೂ ಕಿಂಡಿ ಹಿಡಿದು ನೋಡಿ. ಕೆಳಗಿನದು ಈ ತಿಂಗಳಲ್ಲಿ ತಿಳಿಯಾದ ಕೆನೆಬಣ್ಣದಲ್ಲಿರುತ್ತದೆ. ಸೂರ್ಯನಿರುವ ಬದಿ ಇನ್ನೂ ಬೆಚ್ಚಗಿರುತ್ತದೆ.


ನಿವೃತ್ತ ಡ್ರಾಯಿಂಗ್ ಮೇಷ್ಟ್ರು
ಮರುದಿನ

ಕೊಂಬೆಯನ್ನು ಸೇರಿಸಿ. ಬಿಡಲು ಹಕ್ಕಿದೆಯೆಂದು ನಾನೇ ಹೇಳಿದ್ದೆ, ಆದರೆ ಮರವನ್ನು ಗುರುತಿಸಿದವರು ಆ ಕೊಂಬೆಯಿಂದಲೇ ಅದನ್ನು ಗುರುತಿಸುತ್ತಾರೆಂದಾದರೆ ಅಲ್ಲಿ ನಿಮ್ಮ ಲೆಕ್ಕ ತಪ್ಪಿದೆ. ಎರಡು ವಾರ ಆರಲು ಬಿಡಿ. ಆಮೇಲೆ ಆ ಜಾಗಕ್ಕೆ ಮಾತ್ರ ಬೆರಳಿನಿಂದ ಅಗಸೆ ಎಣ್ಣೆಯನ್ನು ತೀರಾ ತೆಳುವಾಗಿ ಸವರಿ, ಕೆಳಗಿನ ಪದರಕ್ಕಿಂತ ಸ್ವಲ್ಪ ಹೆಚ್ಚು ಎಣ್ಣೆಯಿರುವ ಬಣ್ಣದಲ್ಲಿ ಬರೆಯಿರಿ. ವಾರ್ನಿಷ್ ಯೋಚನೆ ದೀಪಾವಳಿ ಕಳೆದ ಮೇಲೆ. ಆರು ತಿಂಗಳಿಗೆ ಮೊದಲು ಬೇಡ, ಮಳೆಗಾಲದಲ್ಲಿ ಚಿತ್ರವನ್ನು ತೇವದ ಗೋಡೆಗೆ ಒರಗಿಸಬೇಡಿ.

ಕೊಂಬೆ ಬರೆಯುವ ಮೊದಲು, ಬೆಳಿಗ್ಗೆ ಏಳೂವರೆ ಹೊತ್ತಿಗೆ ಅದರ ನೆರಳು ತಾಡಪಾಲಿನ ಮೇಲೆ ಬೀಳುತ್ತದೆಯೋ ಹುಲ್ಲಿನ ಮೇಲೆ ಬೀಳುತ್ತದೆಯೋ ಎಂಬುದನ್ನು ಬರುವ ಭಾನುವಾರ ನೋಡಿಕೊಂಡು ಬನ್ನಿ.